ಸೋರುವ ಮೋಟಾರು

ಮನೆಯ ಮಾಡು ಸೋರಿದರೆ ನೆರೆಹೊರೆಯವರು ಅಯ್ಯೋ ಎನ್ನುವರು. ನೀರಿನ ಕೊಡ ಸೋರಿದರೆ ಮನೆಯಾಕೆ ಅದಕ್ಕೆ ಮೇಣ ಮೆತ್ತಿ ಇನ್ನೊಂದು ವರ್ಷ ನಡೆಸುವಳು. ಆದರೆ ಮೋಟಾರು ಸೋರಿತೆಂದರೆ ಕಂಡವರೆಲ್ಲರೂ ವೈದ್ಯರಾಗಿಬಿಡುವರು. ಹಾಲು ತರುವವನು ಒಂದು ಮದ್ದನ್ನು ಹೇಳುವನು, ಅಂಚೆಯವನು ಇನ್ನೊಂದನ್ನು ಹೇಳುವನು. ಬಾಗಿಲ ಮುಂದೆ ಬಿದ್ದಿರುವ ಕರಿಯ ಕಲೆಯನ್ನು ನೋಡಿ, ತಲೆಯಾಡಿಸಿ, “ಇದು ದೊಡ್ಡ ಕೆಲಸ” ಎಂದು ತೀರ್ಪು ಕೊಟ್ಟು ಹೋಗದವರೇ ಇಲ್ಲ. ಹಳೆಯ ಮೋಟಾರನ್ನು ಪ್ರೀತಿಯಿಂದ ಸಾಕಿಕೊಂಡಿರುವ ಮನೆಗಳು ನಮ್ಮ ನಾಡಿನಲ್ಲಿ ಇನ್ನೂ ಉಂಟು. ಅಂಥವರಿಗೆ ಪ್ರಯೋಜನವಾದೀತೆಂಬ ಭಾವನೆಯಿಂದ, ಮೂರು ವರ್ಷಗಳ ಕಾಲ ಯಾವ ಮದ್ದಿಗೂ ಬಗ್ಗದೆ ಸೋರಿದ ನಮ್ಮ ಗಾಡಿಯ ವೃತ್ತಾಂತವನ್ನೂ, ಆ ಸೋರಿಕೆ ಕೊನೆಗೆ ಯಾವ ಬಗೆಯಿಂದ ನಿಂತಿತೆಂಬುದನ್ನೂ ಇಲ್ಲಿ ಬರೆಯುತ್ತೇನೆ.

ನಮ್ಮ ಊರು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ. ಹೆಸರಿನಲ್ಲಿ ಸಮುದ್ರವಿದ್ದರೂ ಮಳೆಯ ವಿಷಯದಲ್ಲಿ ನಮ್ಮದು ಬಡಸೀಮೆ. ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತ್ಯಂತ ಕಡಮೆ ಮಳೆಯಾಗುವ ಪ್ರದೇಶಗಳ ಸಾಲಿಗೆ ಸೇರಿದವು. ಬಂಡೆಗಳ ಗುಡ್ಡ, ಬೇಸಗೆಯ ಬಿಸಿಲು, ಧೂಳಿನ ಗಾಳಿ—ಇವು ನಮ್ಮ ಪಾಲಿಗೆ ಬಂದ ಐಶ್ವರ್ಯ. ಆದರೆ ನೀರಿಗೆ ಬಡವರಾದ ನಾವು ಎಣ್ಣೆಗೆ ಬಡವರಲ್ಲ. ಶೇಂಗಾ ನಮ್ಮ ಹೊಲಗಳ ಮುಖ್ಯ ಬೆಳೆ. ಅದನ್ನು ಹಿಂಡುವ ಗಿರಣಿಗಳಿಂದಾಗಿ ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಹೆಸರೇ ಬಂದಿತು. ಎತ್ತಿನ ಬಂಡಿಗಳ ಕಾಲದಲ್ಲಿ ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿಯನ್ನು ಕಲಸಿ ಕೀಲೆಣ್ಣೆ ಮಾಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಬಂಡಿಗೆ ತೂಗಹಾಕುತ್ತಿದ್ದರು. ಕೀಲೆಣ್ಣೆ ಆರಿದ ಬಂಡಿ ದಾರಿಯುದ್ದಕ್ಕೂ ಕಿರಿಚುವುದನ್ನು ಕೇಳಿ ಬೆಳೆದ ಹಿರಿಯರಿಗೆ, ತಿರುಗುವ ಕಬ್ಬಿಣಕ್ಕೆ ಎಣ್ಣೆ ಏಕೆ ಬೇಕೆಂಬುದನ್ನು ಬೇರೆಯಾಗಿ ತಿಳಿಸಬೇಕಾದುದಿಲ್ಲ.

ನಮ್ಮ ಗಾಡಿ ೧೯೮೪ನೆಯ ವರ್ಷದ ಅಂಬಾಸಡರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮೂರನೆಯ ಮಾದರಿಯನ್ನು ಅನುಸರಿಸಿ, ಕಲ್ಕತ್ತೆಯ ಬಳಿಯ ಉತ್ತರಪಾರದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರ ಮೇ ತಿಂಗಳವರೆಗೆ ತಯಾರಾಗುತ್ತಿದ್ದ ಗಾಡಿಯಿದು. ೧೪೮೯ ಸಿ.ಸಿ. ಅಳತೆಯ, ನಾಲ್ಕು ಸಿಲಿಂಡರುಗಳ, ಪೆಟ್ರೋಲಿನ ಎಂಜಿನು. ನಮ್ಮ ತಂದೆಯವರು ಇದನ್ನು ೧೯೯೧ರಲ್ಲಿ ಒಬ್ಬರಿಂದ ಕೊಂಡರು. ಶೇಂಗಾ ವ್ಯಾಪಾರಕ್ಕಾಗಿ ಚಳ್ಳಕೆರೆಗೆ ಹೋಗಿಬರುವುದು ಅದರ ಹಗಲಿನ ಕೆಲಸ. ಅದಕ್ಕೆ ರಾತ್ರಿಯ ಕೆಲಸವೊಂದೂ ಇದ್ದಿತು. ನಮ್ಮ ರಾಜ್ಯದಲ್ಲಿ ೧೦೮ರ ಆಂಬ್ಯುಲೆನ್ಸು ಬಂದದ್ದು ೨೦೦೮ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಹಳ್ಳಿಯಲ್ಲಿ ನಡುರಾತ್ರಿ ಹೆರಿಗೆಯ ನೋವು ಕಾಣಿಸಿಕೊಂಡರೆ, ಹಾವು ಕಚ್ಚಿದರೆ, ಮೋಟಾರು ಇದ್ದವರ ಬಾಗಿಲನ್ನು ತಟ್ಟುವುದಲ್ಲದೆ ಬೇರೆ ದಾರಿಯಿರಲಿಲ್ಲ. ಹಾಗೆ ತಟ್ಟಿದಾಗ ತಂದೆಯವರು ಯಾರು ಏನು ಎಂದು ಕೇಳುತ್ತಿರಲಿಲ್ಲ. ಅಂಗಿಯನ್ನು ದಾರಿಯಲ್ಲಿ ತೊಟ್ಟುಕೊಳ್ಳುತ್ತ ಹೊರಡುತ್ತಿದ್ದರು. ಈ ಹೊತ್ತು ನಮ್ಮ ಊರಿನಲ್ಲಿ ಮೀಸೆ ತಿರುವುತ್ತ ಓಡಾಡುವ ಯುವಕರಲ್ಲಿ ನಾಲ್ಕಾರು ಮಂದಿ ಈ ಲೋಕಕ್ಕೆ ಬರುವ ಮೊದಲೇ ಈ ಗಾಡಿಯ ಹಿಂದಣ ಸೀಟಿನಲ್ಲಿ ಪ್ರಯಾಣ ಮಾಡಿದವರು. ಆದುದರಿಂದ ಊರಿನವರು ಅದನ್ನು ನಮ್ಮ ಮನೆಯ ಗಾಡಿಯೆಂದು ಮಾತ್ರ ಭಾವಿಸಿಲ್ಲ.

೨೦೨೦ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯಿಂದಾಗಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿತಷ್ಟೆ. ಆ ವರ್ಷವೂ ಮರುವರ್ಷದ ಮಳೆಗಾಲದವರೆಗೂ ಗಾಡಿ ಕೊಟ್ಟಿಗೆಯಲ್ಲಿ ಹೆಚ್ಚು ಕಡಮೆ ನಿಂತೇ ಇದ್ದಿತು. ಮತ್ತೆ ಹೊರಕ್ಕೆ ತೆಗೆದಾಗ ಎಂಜಿನು ಒಳ್ಳೆಯ ಸ್ವರದಲ್ಲಿಯೇ ಮಾತನಾಡಿತು. ಆದರೆ ಸಂಜೆ ಅದು ನಿಂತ ನೆಲದಲ್ಲಿ ರೂಪಾಯಿಯ ಅಗಲದ ಕರಿಯ ಕಲೆಯೊಂದು ಕಾಣಿಸಿತು. ತಿಂಗಳು ಕಳೆಯುವಷ್ಟರಲ್ಲಿ ಅದು ಊಟದ ಎಲೆಯಷ್ಟಾಯಿತು. ಹನಿಗೂಡಿದರೆ ಹಳ್ಳವೆಂಬ ಗಾದೆಗೆ ನಮ್ಮ ಅಂಗಳವೇ ಸಾಕ್ಷಿಯಾಯಿತು. ರಾಂಪುರದ ಮೇಲೆ ಬಳ್ಳಾರಿಗೆ ಹೋಗಿ ಬರುವಷ್ಟರಲ್ಲಿ ಕಾಲು ಲೀಟರಿಗೆ ಕಡಮೆಯಿಲ್ಲದೆ ಎಣ್ಣೆ ಇಳಿದಿರುತ್ತಿತ್ತು. ಊಟದ ಬುತ್ತಿಯ ಜೊತೆಗೆ ಎಣ್ಣೆಯ ಡಬ್ಬಿಯನ್ನೂ ಒಯ್ಯುವುದು ವಾಡಿಕೆಯಾಯಿತು.

ಎಣ್ಣೆ ಸೋರಿದರೆ ಏನಾಯಿತು, ತಿರುಗಿ ಹೊಯ್ದರಾಯಿತಲ್ಲ ಎನ್ನುವವರುಂಟು. ಆ ಮಾತು ಸರಿಯಲ್ಲ. ಮೇಸ್ತ್ರಿಗಳು ಚೇಂಬರು ಎಂದು ಕರೆಯುವ, ಎಂಜಿನಿನ ತಳದ ತೊಟ್ಟಿಯಲ್ಲಿ ಸುಮಾರು ನಾಲ್ಕು ಲೀಟರು ಎಣ್ಣೆಯಿರುತ್ತದೆ. ಪಂಪು ಅದನ್ನು ಮೇಲೆತ್ತಿ ತಿರುಗುವ ದಂಡಗಳಿಗೂ ಬೇರಿಂಗುಗಳಿಗೂ ಹಂಚುತ್ತದೆ. ಉಕ್ಕಿಗೂ ಉಕ್ಕಿಗೂ ನಡುವೆ ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪದರವೊಂದು ಇರುವುದರಿಂದಲೇ ಎಂಜಿನು ಬದುಕಿರುವುದು. ಏರಿನಲ್ಲಿಯೋ ತಿರುವಿನಲ್ಲಿಯೋ ಪಂಪಿನ ಬಾಯಿಗೆ ಎಣ್ಣೆ ಸಿಕ್ಕದೆ ಹೋದರೆ ಕೆಲವು ನಿಮಿಷಗಳಲ್ಲಿ ಬೇರಿಂಗು ಸುಟ್ಟು, ಎಂಜಿನು ಹಿಡಿದುಕೊಳ್ಳುವುದು. ಸೋರಿದ ಎಣ್ಣೆ ಕ್ಲಚ್ಚಿಗೆ ತಗುಲಿದರೆ ಗಾಡಿ ಎಳೆಯುವುದಿಲ್ಲ. ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ನಾತವೂ ಹೊಗೆಯೂ ಎದ್ದು, ಒಮ್ಮೊಮ್ಮೆ ಬೆಂಕಿಗೂ ಅವಕಾಶವಾದೀತು.

ನಮಗೆ ಇದು ಬರಿಯ ಎಣ್ಣೆಯ ಖರ್ಚಿನ ಮಾತಾಗಿರಲಿಲ್ಲ. ೨೦೨೨ರಿಂದ ನಮ್ಮ ತಾಯಿಯವರನ್ನು ಚಿಕಿತ್ಸೆಗಾಗಿ ಹದಿನೈದು ದಿನಕ್ಕೊಮ್ಮೆ ಬಳ್ಳಾರಿಗೆ ಕರೆದೊಯ್ಯಬೇಕಾಗಿದ್ದಿತು. ಕಾಲುನೋವಿನಿಂದ ಅವರಿಗೆ ಬಸ್ಸಿನ ಮೆಟ್ಟಲು ಹತ್ತುವುದು ಆಗದು. ನಡುದಾರಿಯಲ್ಲಿ ಎಂಜಿನು ನಿಂತರೆ ಆ ಬಿಸಿಲಿನಲ್ಲಿ ಅವರನ್ನು ಎಲ್ಲಿ ಕೂರಿಸುವುದು ಎಂಬ ಚಿಂತೆ ಪ್ರತಿಸಲವೂ ನಮ್ಮೊಡನೆ ಗಾಡಿ ಹತ್ತುತ್ತಿತ್ತು. ಇದರ ಜೊತೆಗೆ ನೋಂದಣಿಯ ಗಡುವು ಬೇರೆ. ಸ್ವಂತ ಉಪಯೋಗದ ಕಾರಿಗೆ ಹದಿನೈದು ವರ್ಷಗಳಾದ ಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆಗೆ ಒಯ್ದು ನೋಂದಣಿಯನ್ನು ಹೊಸದುಮಾಡಿಸಬೇಕೆಂಬುದು ಕಾನೂನು. ನಮ್ಮದು ೨೦೨೪ಕ್ಕೆ ಮುಗಿಯುವುದಿತ್ತು. ಗುಜರಿಯ ವ್ಯಾಪಾರಿಯೊಬ್ಬನು ಈ ಸಮಾಚಾರವನ್ನು ಹೇಗೋ ತಿಳಿದು ಎರಡು ಸಲ ಬಂದು, ಕಬ್ಬಿಣದ ತೂಕಕ್ಕೆ ಬೆಲೆ ಕಟ್ಟಿ ಹೋದನು. ತಂದೆಯವರು ಅವನಿಗೆ ಆಗದು ಎನ್ನಲಿಲ್ಲ, ಆಗಲಿ ಎನ್ನಲಿಲ್ಲ. ಅವನು ಹೋದ ಮೇಲೆ ಕೊಟ್ಟಿಗೆಗೆ ಹೋಗಿ ಗಾಡಿಯ ಬಾಗಿಲನ್ನು ತೆರೆದು, ಸುಮ್ಮನೆ ಒಳಗೆ ಸ್ವಲ್ಪ ಹೊತ್ತು ಕುಳಿತು ಬಂದರು.

ಸೋರಿಕೆಗೆ ಆ ವರೆಗೆ ನಡೆದಿದ್ದ ಉಪಚಾರಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಣ್ಣೆಯ ಹನಿ ಬೀಳುತ್ತಿದ್ದುದು ಎಂಜಿನಿನ ಹಿಂಭಾಗದಲ್ಲಿ, ಅದಕ್ಕೂ ಗೇರುಪೆಟ್ಟಿಗೆಗೂ ನಡುವಣ ಗೂಡಿನ ತಳದ ರಂಧ್ರದಿಂದ. ಪಟ್ಟಣದ ಒಂದು ಕಾರ್ಖಾನೆಯವರು ಮೊದಲು ಚೇಂಬರಿನ ಬೋಲ್ಟುಗಳನ್ನು ಬಿಗಿದರು, ಹನಿ ನಿಲ್ಲಲಿಲ್ಲ. ಅನಂತರ ಎಲ್ಲ ಮುಚ್ಚಳಗಳನ್ನೂ ಬಿಗಿದರು; ಹನಿ ಹೆಚ್ಚಿತು. ಆಮೇಲೆ ಚೇಂಬರಿಗೆ ಹೊಸ ಪ್ಯಾಕಿಂಗು ಹಾಕಿ, ಸುತ್ತಲೂ ಅಂಟನ್ನು ಹೇರಳವಾಗಿ ಬಳಿದರು. ಒಂದು ವಾರ ಒಣಗಿದ್ದು ಮತ್ತೆ ಮೊದಲಿನ ಸ್ಥಿತಿಗೆ ಬಂದಿತು. ಇನ್ನೊಂದು ಕಡೆಯವರು ನೋಡಿ, ಕ್ರ್ಯಾಂಕು ದಂಡದ ಹಿಂತುದಿಯೇ ಸೋರುತ್ತಿದೆ, ಎಂಜಿನನ್ನು ಇಳಿಸಿ ಪೂರ್ಣವಾಗಿ ಬಿಚ್ಚಬೇಕು, ಮೂವತ್ತು ಸಾವಿರ ರೂಪಾಯಿಗಳಾಗುವುದು ಎಂದರು.

ಈ ಹಿಂತುದಿಯ ವಿಷಯವಾಗಿ ಎರಡು ಮಾತು ತಿಳಿದಿರುವುದು ಒಳ್ಳೆಯದು. ಈಚಿನ ಎಂಜಿನುಗಳಲ್ಲಿ ಆ ಸ್ಥಳಕ್ಕೆ ರಬ್ಬರಿನ ತುಟಿಯುಳ್ಳ ಸೀಲು ಇರುತ್ತದೆ. ನಮ್ಮ ಗಾಡಿಯದರಂಥ ಹಳೆಯ ಮಾದರಿಯಲ್ಲಿ ಅದಿಲ್ಲ. ದಂಡದ ಮೇಲೆಯೇ ತಿರುಪುಮೊಳೆಯಂತೆ ಸುರುಳಿಯ ಗೆರೆಯನ್ನು ಕೊರೆದಿರುತ್ತಾರೆ. ದಂಡ ತಿರುಗುವಾಗ ಆ ಸುರುಳಿಯು ಹೊರಕ್ಕೆ ಬರಲೆತ್ನಿಸುವ ಎಣ್ಣೆಯನ್ನು ಒಳಕ್ಕೆ ನೂಕುತ್ತದೆ. ಎಂಜಿನು ನಿಂತಾಗ ಸುರುಳಿಯ ಕೆಲಸವೂ ನಿಲ್ಲುವುದರಿಂದ ಒಂದೆರಡು ಹನಿ ಜಾರುವುದು ಆ ಏರ್ಪಾಡಿನಲ್ಲಿ ಸಹಜವೇ. ಆದರೆ ನಮ್ಮ ಗಾಡಿ ನಿಂತಾಗ ಮಾತ್ರವಲ್ಲ, ಓಡುವಾಗಲೂ ಸೋರುತ್ತಿತ್ತು. ಓಡುವಾಗಲೇ ಹೆಚ್ಚು ಸೋರುತ್ತಿತ್ತು. ಈ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಂಡವರು ಒಬ್ಬರೇ—ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳ ಲಾರಿಗಳನ್ನು ಬಿಚ್ಚಿ ಜೋಡಿಸುತ್ತ ಕೂದಲನ್ನು ನರೆಸಿಕೊಂಡು, ಈಗ ಮಗನ ಮನೆಯಲ್ಲಿ ವಿಶ್ರಾಂತಿಯಲ್ಲಿರುವ ವೃದ್ಧ ಮೇಸ್ತ್ರಿಯವರು. ತಂದೆಯವರಿಗೆ ಅವರು ಬಹಳ ಕಾಲದ ಪರಿಚಯ. ಹೇಳಿಕಳುಹಿಸಿದಾಗ, “ಅಂಬಾಸಡರು ಅಂದರೆ ಬರುತ್ತೇನೆ, ಬೇರೆ ಗಾಡಿಯಾದರೆ ನನ್ನ ಕಣ್ಣಿಗೆ ಆಗುವುದಿಲ್ಲ” ಎಂದು ಉತ್ತರ ಕೊಟ್ಟು, ಎರಡನೆಯ ದಿನ ಬೆಳಗ್ಗೆ ಬಸ್ಸಿನಲ್ಲಿ ಬಂದಿಳಿದರು.

ಅವರು ಬಂದವರೇ ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೊದಲು ಚಹ ಕುಡಿದರು. ಆಮೇಲೆ ಒಂದು ತಪ್ಪಲೆ ಡೀಸಲನ್ನೂ ಬ್ರಷ್ಷನ್ನೂ ಬೇಡಿದರು. ಎಂಜಿನಿಗೆ ಹತ್ತಿದ್ದ ಮೂರು ವರ್ಷಗಳ ಮಣ್ಣು ಮತ್ತು ಜಿಡ್ಡನ್ನು ಮೇಲಿನಿಂದ ಕೆಳಗಿನವರೆಗೆ ಉಜ್ಜಿ, ಸೋಪಿನ ನೀರಿನಿಂದ ತೊಳೆದು, ಹಳೆಯ ಪಂಚೆಯಿಂದ ಒರಸಿ, ಬಿಸಿಲಿನಲ್ಲಿ ಪೂರ್ಣವಾಗಿ ಒಣಗಲು ಬಿಟ್ಟರು. ಈ ಕೆಲಸಕ್ಕೇ ಮಧ್ಯಾಹ್ನವಾಯಿತು. “ಯಜಮಾನರೇ, ಕೊಳೆಯಾದ ಎಂಜಿನಿನಲ್ಲಿ ಸೋರಿಕೆ ಹುಡುಕುವುದು ಜಾತ್ರೆಯಲ್ಲಿ ಕಳ್ಳನನ್ನು ಹುಡುಕಿದ ಹಾಗೆ. ಮೊದಲು ಜಾತ್ರೆ ಖಾಲಿಯಾಗಬೇಕು” ಎಂದರು.

ಊಟವಾದ ಮೇಲೆ ಅವರು ಬೇಡಿದ ಸಾಮಾನು ನಮ್ಮನ್ನು ನಗಿಸಿತು: ಮಕ್ಕಳಿಗೆ ಹಾಕುವ ಪೌಡರಿನ ಡಬ್ಬಿ! ಒಣಗಿದ ಎಂಜಿನಿನ ಮೈಗೆಲ್ಲ ಅದನ್ನು ತೆಳ್ಳಗೆ ಉದುರಿಸಿದರು. ಕರಿಯ ಯಂತ್ರ ಬೂದಿ ಬಳಿದ ಬೈರಾಗಿಯಂತೆ ಬೆಳ್ಳಗಾಯಿತು. ಗಾಡಿಯನ್ನು ಚಾಲೂ ಮಾಡಿ, ಊರ ಹೊರಗಿನವರೆಗೆ ಓಡಿಸಿ ತಂದು ನಿಲ್ಲಿಸಿದರು. ಮುಂಭಾಗವನ್ನು ಜಾಕಿಯಿಂದ ಎತ್ತಿ, ಕೆಳಗೆ ದಪ್ಪನಾದ ಮರದ ದಿಮ್ಮಿಗಳನ್ನು ಕೊಟ್ಟ ಮೇಲೆಯೇ ಕೆಳಗೆ ಮಲಗಿ ದೀಪ ಹಿಡಿದು ನೋಡಿದರು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆಯಿಡಬಾರದೆಂದು ಅವರು ನನ್ನ ಮಗನಿಗೆ ಎರಡು ಬಾರಿ ಹೇಳಿದರು. ಈ ಲೇಖನವನ್ನು ಓದುವವರಿಗೂ ಆ ಮಾತು ಸಲ್ಲುವುದು.

ಪೌಡರಿನ ಮೇಲೆ ಎಣ್ಣೆಯ ಜಾಡು ಸ್ಪಷ್ಟವಾಗಿ ಮೂಡಿದ್ದಿತು. ಅದು ಕ್ರ್ಯಾಂಕಿನ ಹಿಂತುದಿಯಿಂದ ಹೊರಟುದಲ್ಲ. ಅದಕ್ಕಿಂತ ಬಹಳ ಮೇಲೆ, ಎಂಜಿನಿನ ಎಡಮಗ್ಗುಲಲ್ಲಿ, ಹೊಗೆಕೊಳವೆಯ ಹಿಂದೆ ಅವಿತಿರುವ ತಗಡಿನ ಮುಚ್ಚಳವೊಂದರ ಅಂಚಿನಿಂದ ಹೊರಟಿತ್ತು. ಈ ಎಂಜಿನಿನ ಪಕ್ಕದಲ್ಲಿ ಅಂಥ ಮುಚ್ಚಳಗಳು ಎರಡಿವೆ. ಒಂದೊಂದನ್ನೂ ನಡುವಣ ಒಂದೇ ಬೋಲ್ಟು ಹಿಡಿದಿರುತ್ತದೆ. ಹಿಂದಿನ ಮುಚ್ಚಳದಿಂದ ಒಸರಿದ ಎಣ್ಣೆ ಎಂಜಿನಿನ ಮೈಯ ಮೇಲೆ ಇಳಿದು, ಹಿಂಭಾಗದ ತಗಡನ್ನು ಹಿಡಿದು, ಕೊನೆಗೆ ಗೂಡಿನ ರಂಧ್ರದ ಬಳಿ ಹನಿಯಾಗಿ ಬೀಳುತ್ತಿತ್ತು. ಹನಿ ಬಿದ್ದ ಸ್ಥಳವನ್ನೇ ನೋಡಿದವರು ಹಿಂತುದಿಯನ್ನು ದೂರಿದರು. ಹನಿ ನಡೆದು ಬಂದ ದಾರಿಯನ್ನು ಯಾರೂ ನೋಡಿರಲಿಲ್ಲ.

ಹೊಗೆಕೊಳವೆಯನ್ನೂ ಕಾರ್ಬುರೇಟರನ್ನೂ ಬಿಚ್ಚದೆ ಆ ಮುಚ್ಚಳಕ್ಕೆ ಕೈ ಹೋಗದು. ಎಲ್ಲವನ್ನೂ ಬಿಚ್ಚಿ ಅದನ್ನು ಹೊರತೆಗೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಹಿಂದಿನವರು ಬಲವಾಗಿ ಬಿಗಿದುದರಿಂದ ತಗಡು ನಡುವೆ ತಗ್ಗಾಗಿ, ಅಂಚುಗಳು ಮೇಲೆದ್ದಿದ್ದವು. ಬಿಗಿದಷ್ಟೂ ಅಂಚು ಏಳುತ್ತಿತ್ತು. ಅಂಚು ಎದ್ದಷ್ಟೂ ಸೋರಿಕೆ ಹೆಚ್ಚುತ್ತಿತ್ತು. ಒಳಗಿನ ಕಾರ್ಕಿನ ಪ್ಯಾಕಿಂಗು ನಮ್ಮ ಸೀಮೆಯ ಒಣ ಹವೆಗೂ ಎಂಜಿನಿನ ಕಾವಿಗೂ ಸಿಕ್ಕಿ ಹಪ್ಪಳದಂತೆ ಮುರಿಯುತ್ತಿತ್ತು.

ಇಷ್ಟಕ್ಕೆ ಹೊಸ ಪ್ಯಾಕಿಂಗು ಹಾಕಿ ಮುಗಿಸಿದ್ದರೆ ಕೆಲಸ ಆದಂತೆಯೇ ಕಾಣುತ್ತಿತ್ತು. ಮೂರನೆಯ ತಿಂಗಳಿಗೆ ಸೋರಿಕೆ ಬೇರೊಂದು ಕಡೆ ಹೊರಡುತ್ತಿತ್ತು. ಮೇಸ್ತ್ರಿಯವರ ಹಿರಿಮೆ ಕಂಡದ್ದು ಇಲ್ಲಿಯೇ. ಅವರು ಮುಚ್ಚಳವನ್ನು ಕೈಯಲ್ಲಿ ಹಿಡಿದು, “ಇಷ್ಟು ವರ್ಷ ಇದು ಸುಮ್ಮನೆ ಇತ್ತಲ್ಲ, ಎಣ್ಣೆಯನ್ನು ಯಾರೋ ಒಳಗಿನಿಂದ ನೂಕುತ್ತಾ ಇದ್ದಾರೆ” ಎಂದರು. ಮುಚ್ಚಳವನ್ನು ತಾತ್ಕಾಲಿಕವಾಗಿ ಮತ್ತೆ ಕೂಡಿಸಿ, ಬಿಚ್ಚಿದುದನ್ನೆಲ್ಲ ಜೋಡಿಸಿ, ಎಂಜಿನನ್ನು ನಡೆಯಿಸಿದರು. ತಮ್ಮ ಎಲೆಯಡಿಕೆಯ ಚೀಲದಿಂದ ಒಂದು ವೀಳ್ಯದೆಲೆಯನ್ನು ತೆಗೆದು, ಎಣ್ಣೆ ಹೊಯ್ಯುವ ಬಾಯಿಯ ಬಿರಡೆಯನ್ನು ಕಳಚಿ, ಆ ಬಾಯಿಯ ಮೇಲೆ ಎಲೆಯನ್ನಿಟ್ಟರು. ಎಲೆ ನಡುಗಿತು, ಕುಣಿಯಿತು, ಮರುಕ್ಷಣದಲ್ಲಿ ಹಾರಿ ನೆಲಕ್ಕೆ ಬಿತ್ತು. ಇನ್ನೊಂದೆಲೆಯನ್ನಿಟ್ಟರು, ಅದೂ ಹಾರಿತು.

ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಪಿಸ್ಟನ್ನಿನ ಸುತ್ತ ರಿಂಗುಗಳಿದ್ದರೂ ಸ್ವಲ್ಪ ಅನಿಲ ನುಸುಳಿ ಎಂಜಿನಿನ ಹೊಟ್ಟೆಗೆ ಇಳಿಯುವುದು. ಹೊಸ ಎಂಜಿನಿನಲ್ಲಿ ಅದು ಅತ್ಯಲ್ಪ. ನಲವತ್ತು ವರ್ಷ ದುಡಿದ ಎಂಜಿನಿನಲ್ಲಿ ಕೊಂಚ ಹೆಚ್ಚು. ಹೀಗೆ ಇಳಿದ ಅನಿಲ ಹೊರಕ್ಕೆ ಹೋಗಲೆಂದು ಎಂಜಿನಿಗೆ ಉಸಿರುಗೊಳವೆಯನ್ನು ಇಟ್ಟಿರುತ್ತಾರೆ. ಮೇಸ್ತ್ರಿಗಳು ಅದನ್ನು ಬ್ರೀದರ್ ಎನ್ನುವರು. ನಮ್ಮ ಗಾಡಿಯಲ್ಲಿ ಅಂಥವು ಎರಡು: ಪಕ್ಕದ ಮುಂದಿನ ಮುಚ್ಚಳದಿಂದ ನೆಲದ ಕಡೆಗೆ ಇಳಿಯುವ ಕಬ್ಬಿಣದ ಕೊಳವೆಯೊಂದು, ಮೇಲಿನ ಮುಚ್ಚಳದಿಂದ ಗಾಳಿಯ ಶೋಧಕಕ್ಕೆ ಹೋಗುವ ರಬ್ಬರಿನ ಕೊಳವೆಯೊಂದು. ಈ ದಾರಿಗಳು ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತದೆ. ಏರಿದ ಒತ್ತಡ ಎಲ್ಲಿ ಸಂದು ಸಡಿಲವಾಗಿದೆಯೋ ಅಲ್ಲಿ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ಆ ಸಂದನ್ನು ಬಿಗಿದರೆ ಇನ್ನೊಂದು ಸಂದನ್ನು ಹುಡುಕುತ್ತದೆ. ಓಡುವಾಗಲೇ ಹೆಚ್ಚು ಸೋರುತ್ತಿದ್ದುದಕ್ಕೆ ಕಾರಣ ಇದೇ.

ನಾನು ಈ ವಿವರವನ್ನು ಜಗುಲಿಯ ಮೇಲೆ ಕುಳಿತಿದ್ದ ತಾಯಿಯವರಿಗೆ ತಿಳಿಯಹೇಳಲು ತೊಡಗಿದೆ. ಅವರು ಅರ್ಧದಲ್ಲಿಯೇ ತಡೆದು, “ಅಷ್ಟೇ ತಾನೆ? ಕುಕ್ಕರಿನ ತೂತು ಕಟ್ಟಿದರೆ ರಬ್ಬರಿನ ಸುತ್ತ ಉಗಿ ಬರುತ್ತದಲ್ಲ, ಹಾಗೆ. ಆಗ ಮುಚ್ಚಳ ಬಿಗಿಯುವುದಿಲ್ಲಪ್ಪ, ತೂತಿಗೆ ಕಡ್ಡಿ ಹಾಕುತ್ತೇವೆ” ಎಂದರು. ಮೇಸ್ತ್ರಿಯವರು ಅದನ್ನು ಕೇಳಿ, “ಅಮ್ಮನವರು ಗ್ಯಾರೇಜಿನಲ್ಲಿ ಇರಬೇಕಾಗಿತ್ತು” ಎಂದು ನಕ್ಕರು. ಮೂರು ವರ್ಷ ಎರಡು ಕಾರ್ಖಾನೆಗಳಿಗೆ ಎಟುಕದೆ ಹೋದ ಸತ್ಯ ನಮ್ಮ ಅಡುಗೆಯ ಮನೆಯಲ್ಲಿ ದಿನವೂ ಶಿಳ್ಳೆ ಹಾಕುತ್ತಿತ್ತು!

ಕಬ್ಬಿಣದ ಕೊಳವೆಯನ್ನು ಕಳಚಿ ಬಿಸಿಲಿಗೆ ಹಿಡಿದರೆ ಬೆಳಕು ತೂರಲಿಲ್ಲ. ಸೈಕಲ್ಲಿನ ಕಡ್ಡಿಯನ್ನು ತೂರಿಸಿ ಕೆದಕಿದಾಗ ಕೆಳತುದಿಯಿಂದ ಗಟ್ಟಿಯಾದ ಕೆಂಪು ಮಣ್ಣಿನ ಉಂಡೆಗಳು ಉದುರಿದವು. ಅವುಗಳೊಳಗೆ ಒಣಗಿದ ಹುಳುಗಳ ಸಿಪ್ಪೆ. ಕುಂಬಾರ ಕಣಜವು ಗೂಡು ಕಟ್ಟಿದ್ದಿತು! ಬೀಗದ ರಂಧ್ರ, ಬಿದಿರಿನ ತುದಿ, ಗೋಡೆಯ ಸಂದು—ಇಂಥ ಕಿರಿದಾದ ಬಿಲವನ್ನು ಕಂಡರೆ ಮಣ್ಣು ತಂದು ಮರಿಗಳಿಗೆ ಮನೆ ಮಾಡುವುದು ಅದರ ಸ್ವಭಾವ. ಗಾಡಿ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನಿಂತಿದ್ದಾಗ, ಮನುಷ್ಯರೆಲ್ಲರೂ ಬಾಗಿಲು ಮುಚ್ಚಿಕೊಂಡು ಕುಳಿತ ಆ ಕಾಲದಲ್ಲಿ, ಆ ತಾಯಿಯೊಬ್ಬಳು ನಿರಾತಂಕವಾಗಿ ತನ್ನ ಸಂಸಾರವನ್ನು ನಮ್ಮ ಎಂಜಿನಿನ ಮೂಗಿನಲ್ಲಿ ಹೂಡಿದ್ದಳು. ಆಮೇಲೆ ಎಣ್ಣೆಯ ಹಬೆಯೂ ಧೂಳೂ ಆ ಮಣ್ಣಿಗೆ ಸೇರಿ, ಕಾವಿನಲ್ಲಿ ಬೆಂದು, ಕೊಳವೆಯ ಉಳಿದ ಭಾಗವೂ ಡಾಂಬರಿನಂಥ ಕಿಟ್ಟದಿಂದ ತುಂಬಿಹೋಗಿತ್ತು. ರಬ್ಬರಿನ ಕೊಳವೆಯ ಒಳಗೂ ಜಿಡ್ಡು ಕಟ್ಟಿ, ದಾರಿ ಬೆರಳು ಹೋಗದಷ್ಟು ಕಿರಿದಾಗಿತ್ತು.

ಕಾಯಿಲೆಯ ಮೂಲ ಸಿಕ್ಕಿದ ಮೇಲೆ ಉಪಚಾರ ಸುಲಭವಾಯಿತು. ಕೊಳವೆಯನ್ನೂ ಅದು ಹೊರಡುವ ಮುಚ್ಚಳದ ಒಳಭಾಗವನ್ನೂ ಪೆಟ್ರೋಲಿನಲ್ಲಿ ನೆನೆಸಿ, ಕೆದಕಿ, ಊದಿ, ಬೆಳಕು ಕಾಣುವವರೆಗೆ ಶುದ್ಧಿಮಾಡಿದೆವು. ರಬ್ಬರಿನ ಕೊಳವೆಯನ್ನು ಹೊಸದಾಗಿ ಹಾಕಿದೆವು. ಸೊಟ್ಟಗಾದ ತಗಡಿನ ಮುಚ್ಚಳವನ್ನು ನಯವಾದ ಕಲ್ಲುಚಪ್ಪಡಿಯ ಮೇಲಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ಬಡಿದು, ಕಿಟಕಿಯ ಗಾಜಿನ ತುಂಡಿನ ಮೇಲೆ ಬೋರಲಿಟ್ಟು ನೋಡುತ್ತ ನೋಡುತ್ತ ಅಂಚನ್ನು ಸಮಮಾಡಿದರು. ಹೊಸ ಕಾರ್ಕಿನ ಪ್ಯಾಕಿಂಗನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಕಾಲ ನೆನೆಸಿ ಮೃದುಮಾಡಿ, ಒರಸಿ, ಮುಚ್ಚಳದ ಕಡೆಗೆ ಮಾತ್ರ ತೆಳ್ಳಗೆ ಅಂಟು ಸವರಿ ಕೂಡಿಸಿದರು. ಎರಡು ಕಡೆಗೂ ಅಂಟನ್ನು ಮೆತ್ತಿದರೆ ಮುಂದೆ ಬಿಚ್ಚುವವನು ಶಾಪ ಹಾಕುವನೆಂದೂ, ಹೆಚ್ಚಾದ ಅಂಟು ಒಳಕ್ಕೆ ಉದುರಿ ಪಂಪಿನ ಜಾಲರಿಗೆ ಅಡ್ಡ ಬರುವುದೆಂದೂ ಹೇಳಿದರು. ಚೇಂಬರನ್ನು ಇಳಿಸಿ ನೋಡಿದಾಗ ಆ ಮಾತಿಗೆ ಸಾಕ್ಷಿಯಾಗಿ, ಹಿಂದೆ ಬಳಿದಿದ್ದ ಅಂಟಿನ ಎಳೆಗಳು ಜಾಲರಿಗೆ ಜೇಡನ ಬಲೆಯಂತೆ ಸುತ್ತಿಕೊಂಡಿದ್ದವು. ಸೋರಿಕೆಯಿಂದ ಎಂಜಿನ್ನಿಗೆ ಬರಬಹುದಾಗಿದ್ದ ಆಪತ್ತಿಗಿಂತ ಸೋರಿಕೆಯ ಮದ್ದಿನಿಂದ ಬರಲಿದ್ದ ಆಪತ್ತೇ ಹತ್ತಿರದಲ್ಲಿತ್ತು.

ಕೊನೆಗೆ ಬೋಲ್ಟನ್ನು ಕೂಡಿಸುವಾಗ ನನ್ನ ಮಗನು ತನ್ನ ಪ್ರಾಯದ ಬಲವನ್ನು ತೋರಿಸಲು ಮುಂದಾದನು. ಮೇಸ್ತ್ರಿಯವರು ಅವನ ಕೈಯನ್ನು ಹಿಡಿದು, “ಕಾರ್ಕು ಅಂದರೆ ರೊಟ್ಟಿಯ ಹಿಟ್ಟು, ಮಗಾ. ಒತ್ತಿದರೆ ಅಂಚು ಹರಿಯುತ್ತದೆ. ಬೆರಳಿನಿಂದ ತಿರುಗಿಸು, ನಿಂತ ಮೇಲೆ ಸ್ಪ್ಯಾನರಿನಿಂದ ಸ್ವಲ್ಪವೇ ಸಾಕು” ಎಂದು ಕಲಿಸಿದರು.

ಎಂಜಿನು ಮತ್ತೆ ನಡೆಯಿತು. ಬಿರಡೆ ತೆಗೆದ ಬಾಯಿಯ ಮೇಲೆ ವೀಳ್ಯದೆಲೆಯನ್ನಿಟ್ಟರು. ಮನೆಯವರೆಲ್ಲರೂ ದೇವರ ಪ್ರಸಾದವನ್ನು ಕಾಯುವವರಂತೆ ಎಲೆಯನ್ನೇ ನೋಡುತ್ತ ನಿಂತೆವು. ಅದು ಅಲ್ಲಿಯೇ ಮೆಲ್ಲಗೆ ಅದುರುತ್ತ ಮಲಗಿತು, ಹಾರಲಿಲ್ಲ. ಆ ರಾತ್ರಿ ಗಾಡಿಯ ಕೆಳಗೆ ರಟ್ಟಿನ ಹಾಳೆಯನ್ನು ಹಾಸಿದೆವು. ಬೆಳಗ್ಗೆ ಅದರ ಮೇಲೆ ಎರಡು ಹನಿಗಳಿದ್ದವು. ನನ್ನ ಮುಖ ಬಾಡಿದುದನ್ನು ಕಂಡು ಮೇಸ್ತ್ರಿಯವರು, “ಅವು ಹಿಂತುದಿಯ ಹನಿಗಳು. ಅವನ್ನು ಬಿಟ್ಟುಬಿಡಿ. ವಯಸ್ಸಾದವರು ರಾತ್ರಿ ಒಂದೆರಡು ಸಲ ಏಳುವುದಿಲ್ಲವೇ?” ಎಂದರು. ಹದಿನೈದನೆಯ ದಿನ ಬಳ್ಳಾರಿಗೆ ಹೋಗಿ ಬಂದು ಅಳತೆಯ ಕಡ್ಡಿಯನ್ನು ಎಳೆದು ನೋಡಿದರೆ, ಎಣ್ಣೆ ಹೊರಟಾಗ ಇದ್ದ ಗೆರೆಯಲ್ಲಿಯೇ ಇದ್ದಿತು. ಪ್ಯಾಕಿಂಗು, ಕೊಳವೆ, ಹೊಸ ಎಣ್ಣೆ ಇವುಗಳ ಬೆಲೆಯ ಹೊರತು ಮೇಸ್ತ್ರಿಯವರು ಎರಡು ದಿನದ ಕೂಲಿಯೆಂದು ಎರಡು ಸಾವಿರ ರೂಪಾಯಿ ತೆಗೆದುಕೊಂಡರು. ಹೆಚ್ಚಿಗೆ ಕೊಡಹೋದರೆ, ತಮ್ಮ ಸೊಸೆಗೆ ಒಂದು ಸೇರು ಹಸಿ ಶೇಂಗಾ ಕೊಟ್ಟರೆ ಸಾಕೆಂದರು.

ಹಳೆಯ ಗಾಡಿಯುಳ್ಳವರು ಈ ವೃತ್ತಾಂತದಿಂದ ತಮ್ಮ ಉಪಯೋಗಕ್ಕೆ ತೆಗೆದುಕೊಳ್ಳತಕ್ಕದ್ದು ಇಷ್ಟು. ಎಂಜಿನು ಸೋರಿದರೆ ಮೊದಲು ತೊಳೆದು ಒಣಗಿಸಿ, ಪುಡಿ ಉದುರಿಸಿ, ಜಾಡಿನ ಮೇಲ್ತುದಿಯನ್ನು ಹುಡುಕಬೇಕು. ಎಣ್ಣೆ ಕೆಳಕ್ಕೂ ಹಿಂದಕ್ಕೂ ಹರಿಯುವುದರಿಂದ ಹನಿ ಬೀಳುವ ಸ್ಥಳವೇ ಮೂಲವೆಂದು ಎಣಿಸಬಾರದು. ಎರಡನೆಯದಾಗಿ, ಉಸಿರುಗೊಳವೆಯನ್ನು ನೋಡದೆ ಯಾವ ಬೋಲ್ಟನ್ನೂ ಬಿಗಿಯಬಾರದು. ಕೊಳವೆ ಶುದ್ಧವಾಗಿದ್ದೂ ಎಲೆ ಹಾರಿದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆಯೆಂದು ತಿಳಿದು, ಆಗ ದೊಡ್ಡ ಕೆಲಸಕ್ಕೆ ಮನಸ್ಸು ಮಾಡಬಹುದು. ಗಾಡಿಯನ್ನು ಬಹುಕಾಲ ನಿಲ್ಲಿಸಬೇಕಾದಾಗ ಕೊಳವೆಯ ಬಾಯಿಗೆ ಬಟ್ಟೆಯ ಚೂರನ್ನು ಕಟ್ಟಿ, ಚಾಲೂ ಮಾಡುವ ಮೊದಲು ಅದನ್ನು ಬಿಚ್ಚಬೇಕೆಂಬ ನೆನಪಿಗಾಗಿ ಸ್ಟಿಯರಿಂಗಿಗೆ ಒಂದು ಕೆಂಪು ದಾರವನ್ನು ಕಟ್ಟಿಡಬೇಕು. ಇಳಿಸಿದ ಹಳೆಯ ಎಣ್ಣೆಯನ್ನು ತಿಪ್ಪೆಗಾಗಲಿ ಚರಂಡಿಗಾಗಲಿ ಚೆಲ್ಲಕೂಡದು. ಅದು ನೆಲದೊಳಕ್ಕೆ ಇಳಿದರೆ ಬಾವಿಯ ನೀರು ಕೆಡುವುದು. ನಮ್ಮಂಥ ಸೀಮೆಯಲ್ಲಿ ಇರುವ ನೀರನ್ನೂ ಕೆಡಿಸಿಕೊಂಡವರಿಗೆ ಗತಿಯಿಲ್ಲ. ಡಬ್ಬಿಯಲ್ಲಿ ತುಂಬಿಟ್ಟು, ಅದನ್ನು ಶುದ್ಧಿಗೆ ಕಳುಹಿಸುವವರ ವಶಕ್ಕೆ ಕೊಡುವುದೇ ಸರಿಯಾದ ರೀತಿ.

ಮೇಸ್ತ್ರಿಯವರು ಬಂದುಹೋದ ಮೇಲೆ ನಮ್ಮ ಮನೆಯಲ್ಲಿ ಒಂದು ಮಾತು ರೂಢಿಗೆ ಬಂದಿದೆ. ಮಕ್ಕಳು ಮುನಿಸಿಕೊಂಡು ಮೂಲೆ ಸೇರಿದಾಗ, ಅವರನ್ನು ಗದರಿಸಹೋದವರಿಗೆ ನಮ್ಮ ತಾಯಿಯವರು, “ಬಿಗಿಯಬೇಡ, ಕೊಳವೆ ನೋಡು” ಎನ್ನುವರು. ಮೌನವಾಗಿ ಕುಳಿತವರನ್ನು ಕರೆದು ನಾಲ್ಕು ಮಾತು ಆಡಿಸಿದರೆ, ಅವರೊಳಗಿನದು ಹೊರಬಂದು ಮನೆ ಸಮಾಧಾನವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಸಮಾಧಾನ ತಂದೆಯವರಿಗೂ ದೊರೆಯಿತು. ಗುಜರಿಯವನು ಮೂರನೆಯ ಸಲ ಬಂದಾಗ ಅವನಿಗೆ ಚಹ ಕೊಟ್ಟು, ಗಾಡಿಯಲ್ಲಿ ಬಸ್‌ನಿಲ್ದಾಣದವರೆಗೆ ಬಿಟ್ಟು ಬರುವಂತೆ ನನಗೆ ಹೇಳಿದರು!

೨೦೨೪ರಲ್ಲಿ ಗಾಡಿಯನ್ನು ಚಿತ್ರದುರ್ಗಕ್ಕೆ ಒಯ್ದೆವು. ತಂದೆಯವರು ಈಗ ಗಾಡಿ ನಡೆಸುವುದಿಲ್ಲ. ಆದರೂ ಅಂದು ಒಗೆದ ಅಂಗಿ ತೊಟ್ಟು ಮುಂದಣ ಸೀಟಿನಲ್ಲಿ ಕುಳಿತರು. ಪರೀಕ್ಷಕರು ದೀಪ, ಬ್ರೇಕು, ಹೊಗೆ ಎಲ್ಲವನ್ನೂ ನೋಡಿ, ಬಗ್ಗಿ ತಳವನ್ನೂ ನೋಡಿದರು. ನೆಲ ಒಣಗಿತ್ತು. ನೋಂದಣಿಯನ್ನು ಇನ್ನು ಐದು ವರ್ಷಗಳಿಗೆ ಹೊಸದುಮಾಡಿ ಕಾಗದ ಕೊಟ್ಟಾಗ ತಂದೆಯವರು ಅದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಓದಿದರು. “ಗಾಡಿಗೆ ಐದು ವರ್ಷ ಬರೆದುಕೊಟ್ಟಿದ್ದಾರೆ. ನನ್ನ ಕಾಗದ ಯಾರ ಹತ್ತಿರ ಇದೆಯೋ, ಕೇಳಬೇಕಾಗಿತ್ತು” ಎಂದು ನಕ್ಕು, ಅದನ್ನು ಮಡಿಸಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರು.